ಪುಂಡಿಪಲ್ಯದ ಪುಟ

ಬುಕ್ಕಸಾಗರ
೧೨ ಜೂನ್ ೨೦೨೪

ಲಿಂಗರಾಜ್ ಸರ್ ಅವರಿಗೆ ಪಂಪಾವತಿಯ ನಮಸ್ಕಾರ.

ನಮ್ಮ ಕಡೆಯ ಅಡುಗೆಗಳ ನಿಮ್ಮ ಪುಸ್ತಕ ಮರುಮುದ್ರಣಕ್ಕೆ ಹೋಗುತ್ತಿರುವುದು ಸಂತೋಷ. ನೀವು ತಿದ್ದಿ ಕಳಿಸಿದ ಪುಂಡಿಪಲ್ಯದ ಪುಟ ನೋಡಿದೆ. ಚಮಚದ ಲೆಕ್ಕ ಸೇರಿಸಿದ್ದೀರಿ, ಇರಲಿ. ಆದರೆ ನಮ್ಮತ್ತೆ ತಾಯಕ್ಕನವರ ಒಂದು ಮಾತನ್ನು ಅಡುಗೆಗೆ ಸಂಬಂಧವಿಲ್ಲವೆಂದು ಹೊಡೆದುಹಾಕಿದ್ದೀರಿ: "ಬೆಳ್ಳುಳ್ಳಿ ಕೆಂಪಾತು, ಉರಿ ಸಣ್ಣ ಮಾಡವ್ವ ಗಂಗಾ."

ದಯವಿಟ್ಟು ಅದನ್ನು ಹಾಗೇ ಬಿಡಿ. ಒಲೆಯ ಪಕ್ಕ ಹಳೆಯ ಮುದ್ರಣದ ಆ ಪುಟ ತೆರೆದಿಟ್ಟರೆ ನಾನು ಓದುತ್ತಿದ್ದೇನೆ ಅನ್ನಿಸುವುದಿಲ್ಲ, ಅತ್ತೆಯೇ ಹಿಂದೆ ನಿಂತು ಹೇಳುತ್ತಿದ್ದಾರೆ ಅನ್ನಿಸುತ್ತದೆ. ಅಳತೆ ಇಲ್ಲದಿದ್ದರೂ ಕೈ ತಪ್ಪುವುದಿಲ್ಲ.

ನೀವು ನಮ್ಮ ಮನೆಗೆ ಬಂದು ಅದನ್ನು ಬರೆದುಕೊಂಡ ದಿನ ಒಲೆಯ ಮುಂದೆ ಇದ್ದವಳು ನಾನು. ಗಂಗಾ ನನ್ನ ನಾದಿನಿ. ಅವಳು ಹೊಳೆಪಾಲಾಗಿ ಆಗಲೇ ನಾಲ್ಕು ವರ್ಷವಾಗಿತ್ತು. ಮನೆಯಲ್ಲಿ ಯಾರೂ ಅವಳ ಹೆಸರು ಎತ್ತುತ್ತಿರಲಿಲ್ಲ. ಅತ್ತೆಯ ಬಾಯಿಂದ ಅದು ಬಂದದ್ದು ಅವತ್ತೊಂದೇ ಸಲ. ಹಿಂದೆ ಗಂಗಾ ಅನ್ನುತ್ತಿದ್ದ ಹಾಗೆಯೇ ನಾನೂ "ಹೂಂ ಯವ್ವಾ" ಅಂದು ಉರಿ ಇಳಿಸಿದೆ.

ಹೋದ ಶ್ರಾವಣದಲ್ಲಿ ಅತ್ತೆಯೂ ತೀರಿಕೊಂಡರು.

ಮೊನ್ನೆ ಮಧ್ಯಾಹ್ನ ಮನೆಯಲ್ಲಿ ನಾನೊಬ್ಬಳೇ ಇದ್ದೆ. ಆ ಪುಟ ತೆರೆದಿಟ್ಟು, ಎಣ್ಣೆಗೆ ಬೆಳ್ಳುಳ್ಳಿ ಹಾಕಿ, ಉರಿ ದೊಡ್ಡದಾಗಿಯೇ ಬಿಟ್ಟು ನೀರು ತರಲು ಹಿತ್ತಲಿಗೆ ಹೋದೆ. ಅಲ್ಲಿ ಪಕ್ಕದ ಮನೆಯವರ ಜೊತೆ ಮಾತಿಗೆ ನಿಂತು ತಡವಾಯಿತು. ಹೊತ್ತಿರುತ್ತದೆ ಎಂದು ಓಡಿ ಬಂದೆ. ಬೆಳ್ಳುಳ್ಳಿ ಹದವಾಗಿ ಕೆಂಪಾಗಿತ್ತು. ಗ್ಯಾಸಿನ ಉರಿ ಸಣ್ಣದಾಗಿತ್ತು.

ಆ ಸಾಲು ತೆಗೆದರೆ ಇನ್ನು ಗಂಗಾಗೆ ಹೇಳುವವರು ಯಾರು ಸರ್?

ಇಂತಿ,
ತಾಯಕ್ಕನವರ ಸೊಸೆ
ಪಂಪಾವತಿ