ಎಡಕ್ಕೆ ತಿರುವಿದ ತುದಿ

ತಾರೀಕು ಮೂರು, ಮಧ್ಯಾಹ್ನ
ಕೆಲಸವಿಲ್ಲದ ಮೊದಲ ಸೋಮವಾರ

ನನ್ನ ಮೇಲೆ ಮುನಿಸಿಕೊಂಡೂ ನನ್ನದೇ ಮೂಗನ್ನು ಹೊತ್ತು ತಿರುಗುತ್ತಿರುವ ಗುಬ್ಬಿಗೆ,

ಅಮ್ಮನ ಆಶೀರ್ವಾದಗಳು. ಬೇಡವಾದರೂ ಇಟ್ಟುಕೋ, ಕೆಡುವ ಸಾಮಾನಲ್ಲ.

ಈ ಕಾಗದದ ದುಂಡು ಅಕ್ಷರ ನೋಡಿ, ಅಮ್ಮ ಈ ವಯಸ್ಸಿನಲ್ಲಿ ಕಾಪಿ ಬರೆದು ಸುಧಾರಿಸಿದ್ದಾಳೆ ಎಂದುಕೊಳ್ಳಬೇಡ. ನಾನು ಹೇಳುತ್ತಿದ್ದೇನೆ, ಬಲಗಡೆಯವಳು ಬರೆಯುತ್ತಿದ್ದಾಳೆ. ನಿನಗೆ ಗೊತ್ತಲ್ಲ, ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ನನ್ನ ಬಲಕ್ಕೆ ಕೂತವಳು. ಹೆತ್ತವರು ಇಟ್ಟ ಹೆಸರೊಂದು ಅವಳಿಗೂ ಇದೆ. ಹಾಜರಿ ಪುಸ್ತಕವೊಂದನ್ನು ಬಿಟ್ಟರೆ ಅದನ್ನು ಯಾರೂ ಬಳಸಿದ್ದಿಲ್ಲ. ನನ್ನ ಕನ್ನಡಕದ ಕಾಲು ಮುರಿದಿರುವ ಕಾರಣ ಅವಳ ಕೈಯನ್ನು ಎರವಲು ತಂದಿದ್ದೇನೆ. (ಕನ್ನಡಕ ಇವಳ ಮೂಗಿನ ಮೇಲೇ ಇದೆ. ಎರಡು ಕಾಲೂ ನೆಟ್ಟಗಿವೆ. – ಬರೆಯುತ್ತಿರುವವಳು)

ಈಗ ವಿಷಯಕ್ಕೆ ಬರುತ್ತೇನೆ. ನಿಂತಿದ್ದರೆ ಕೂತುಕೋ. ಶುಕ್ರವಾರ ಮಧ್ಯಾಹ್ನ ಎರಡು ಗಂಟೆಗೆ, ನಲವತ್ತು ಜನರ ಸಮಕ್ಷಮದಲ್ಲಿ, ನಿನ್ನ ತಾಯಿ ಸಿಗಾರ್ ಸೇದಿದಳು. ಶ್ವಾಸಕೋಶದ ವಾರ್ಡಿನ ನರ್ಸಮ್ಮನಿಗೆ ಹೆತ್ತ ತಾಯಿ ಇಂಥ ಸುದ್ದಿ ಬರೆಯುವುದೆಂದರೆ, ಬೆಂಕಿ ಆರಿಸುವವನ ಮನೆಯಲ್ಲಿ ಬೆಂಕಿಪೊಟ್ಟಣ ಹಂಚಿದ ಹಾಗೆ ಎಂದು ಬಲ್ಲೆ. ಆದರೆ ಬೇರೆಯವರ ಬಾಯಿಂದ ಕೇಳುವುದಕ್ಕಿಂತ ಸೇದಿದ ಬಾಯಿಂದಲೇ ಕೇಳು.

ಮೂವತ್ತೊಂದು ವರ್ಷ ದಿನಕ್ಕೆ ನೂರರಂತೆ ಸುತ್ತಿದವಳು ನಾನು. ಒಂದನ್ನೂ ಬಾಯಿಗಿಟ್ಟವಳಲ್ಲ. ಅದರಲ್ಲಿ ಸದ್ಗುಣವೇನೂ ಇಲ್ಲ. ದಿನವಿಡೀ ಹೊಗೆಸೊಪ್ಪಿನ ಘಾಟಿನಲ್ಲಿ ಮುಳುಗಿದವಳಿಗೆ ಸಂಜೆ ಬೇಕಾಗುವುದು ಬರೀ ಗಾಳಿ. ತಮಾಷೆ ಏನೆಂದರೆ, ಕಾರ್ಖಾನೆ ನೋಡಲು ಬಂದವರಿಗೆ ಸಿಗಾರ್ ಸೇದುವ ಸರಿಯಾದ ಕ್ರಮ ಬೋಧಿಸುವ ಗುರುಪೀಠವೂ ನನ್ನದೇ ಆಗಿತ್ತು. ಅದಕ್ಕೆ ಮೇಸ್ತ್ರಿ ಕೊಟ್ಟ ಕಾರಣ, ನಿನ್ನ ಗಂಟಲು ದೊಡ್ಡದು ಕಣಮ್ಮ, ಎಂದು. ನಾನೂ ಗಂಭೀರವಾಗಿ ನಿಂತು ಹೇಳುತ್ತಿದ್ದೆ: ತುದಿಯ ಟೋಪಿಯನ್ನಷ್ಟೇ ಕತ್ತರಿಸಿ, ತಲೆ ಹಾರಿಸಬೇಡಿ. ಬೆಂಕಿಗೆ ಬುಡ ತೋರಿಸಿ, ಮುಟ್ಟಿಸಬೇಡಿ. ನಿಮಿಷಕ್ಕೆ ಒಂದೇ ಸಲ ಎಳೆಯಿರಿ. ಹೊಗೆ ಬಾಯಿಗೆ ಬಂದ ನೆಂಟ, ಎದೆಯೊಳಗೆ ಕರೆಯಬೇಡಿ. ಬೂದಿ ಕೊಡವಬೇಡಿ. ಕೊನೆಗೆ ಹೊಸಕಬೇಡಿ, ತಾನಾಗಿ ಆರಲಿ ಬಿಡಿ. ಈಜು ಬಾರದವಳು ದಡದಲ್ಲಿ ನಿಂತು ಊರಿಗೆಲ್ಲ ಈಜು ಕಲಿಸಿದ ಹಾಗೆ. ಒಬ್ಬರೂ ಮುಳುಗಲಿಲ್ಲ ಎನ್ನುವುದು ನನ್ನ ಪುಣ್ಯ.

ನಮ್ಮಲ್ಲಿ ಕೆಲಸ ಬಿಡುವವರಿಗೆ ಭಾಷಣವಿಲ್ಲ, ಬೂದಿ ಪರೀಕ್ಷೆ ಇದೆ. ಕೊನೆಯ ದಿನ ಬೆಳಗ್ಗೆ ನೀನು ಸುತ್ತಿದ ಕೊನೆಯ ಸಿಗಾರನ್ನು, ಊಟವಾದ ಮೇಲೆ, ನಿನ್ನದೇ ಪೀಠದಲ್ಲಿ ಕೂತು ನೀನೇ ಸೇದಬೇಕು. ಎಲ್ಲರೂ ಕೆಲಸ ನಿಲ್ಲಿಸಿ ನೋಡುತ್ತಾರೆ. ಒಳಗಿನ ಎಲೆ ಹದವಾಗಿ ಕೂತಿದ್ದರೆ ಬೂದಿ ಗಟ್ಟಿಯಾಗಿ ನಿಲ್ಲುತ್ತದೆ. ಸಡಿಲವಾದರೆ ಉದುರುತ್ತದೆ, ಬಿಗಿಯಾದರೆ ಹೊಗೆಯೇ ಬರುವುದಿಲ್ಲ. ತೋರುಬೆರಳಿನ ಎರಡು ಗೆಣ್ಣಿನಷ್ಟು ಬೂದಿ ನಿಂತರೆ, ನಲವತ್ತು ಜನ ಎಲೆ ಕತ್ತರಿಸುವ ಚಾಕುವಿನ ಹಿಡಿಯಿಂದ ಹಲಗೆ ಕುಟ್ಟುತ್ತಾರೆ. ನಿಲ್ಲದಿದ್ದರೂ ಕುಟ್ಟುತ್ತಾರೆ, ಆದರೆ ಮೆಲ್ಲಗೆ. ಆ ಮೆಲ್ಲಗಿನ ಸದ್ದನ್ನು ಹೊತ್ತು ಮನೆಗೆ ಹೋದವರನ್ನು ನಾನು ನೋಡಿದ್ದೇನೆ. ಆಮೇಲೆ ಅವರು ಈ ಬೀದಿಯಲ್ಲಿ ನಮ್ಮ ಕಣ್ಣು ತಪ್ಪಿಸಿ ನಡೆಯುತ್ತಿದ್ದರು. ನನಗೆ ಬೇಕಾಗಿದ್ದದ್ದು ಅಷ್ಟೇ ಗುಬ್ಬಿ, ಜೋರು ಸದ್ದು. ನಿನ್ನಪ್ಪ ಹೋದ ಮೇಲೆ ಈ ಎರಡು ಕೈ ಬಿಟ್ಟರೆ ನನ್ನದು ಅನ್ನುವಂಥದ್ದು ಇನ್ನೇನಿತ್ತು?

ಶುಕ್ರವಾರ ಬೆಳಗ್ಗೆ ಸುತ್ತಿದೆ. ಎಂದಿನ ಹಾಗೆ ಮೊಣಕೈ ಯುದ್ಧವೂ ಆಯಿತು. ನಾನು ಬಲಗೈಯವಳು, ಇವಳು ಎಡಗೈಯವಳು, ಕೂತಿದ್ದು ನನ್ನ ಬಲಕ್ಕೆ. ಹತ್ತೊಂಬತ್ತು ವರ್ಷ ನಮ್ಮಿಬ್ಬರ ಮೊಣಕೈಗಳು ಟಗರುಗಳ ಹಾಗೆ ಡಿಕ್ಕಿ ಹೊಡೆದಿವೆ. ಜಾಗ ಬದಲಿಸಿಕೊಳ್ರಮ್ಮ ಎಂದು ಮೇಸ್ತ್ರಿ ಹೇಳಿದಾಗಲೆಲ್ಲ ಇಬ್ಬರೂ ಕಿವುಡಿಯರಾಗುತ್ತಿದ್ದೆವು. ಜಗಳವಿಲ್ಲದೆ ಹೊತ್ತು ಹೋಗಬೇಕಲ್ಲ. (ಶುರು ಮಾಡುತ್ತಿದ್ದದ್ದು ಇವಳೇ.)

ಎರಡು ಗಂಟೆಗೆ ಮೇಸ್ತ್ರಿ ತನ್ನ ಒಳ್ಳೆಯ ಕೋಟು ಹಾಕಿಕೊಂಡು, ತೀರ್ಪು ಓದುವ ನ್ಯಾಯಾಧೀಶನ ಮುಖ ಮಾಡಿಕೊಂಡು ಬಂದ. ಟೋಪಿ ಕತ್ತರಿಸಿದೆ. ಬುಡ ಕಾಯಿಸಿದೆ. ಹಚ್ಚಿದೆ. ಆಮೇಲೆ, ಮೂವತ್ತೊಂದು ವರ್ಷದ ಬೋಧನೆಯನ್ನೆಲ್ಲ ಒಂದೇ ಉಸಿರಿಗೆ ಮರೆತು, ಸೀದಾ ಎದೆಗೇ ಎಳೆದುಕೊಂಡೆ. ನಿನ್ನ ವಾರ್ಡಿನ ಅಷ್ಟೂ ಹಾಸಿಗೆಗಳು ಒಟ್ಟಿಗೆ ಕೆಮ್ಮಿದರೆ ಹೇಗೋ ಹಾಗೆ ಕೆಮ್ಮಿದೆ. ಕಣ್ಣು, ಮೂಗು, ಮಾನ ಮೂರೂ ಒಟ್ಟಿಗೆ ಇಳಿದವು. ಏನಮ್ಮಾ, ಬಂದವರಿಗೆಲ್ಲ ಪಾಠ ಹೇಳ್ತಿದ್ದೆ, ಈಗ ನೀನೇ ಫೇಲಾ ಎಂದು ಮೇಸ್ತ್ರಿ ಕೇಳಿದ. ಇದು ಪಾಠದ್ದೇ ಭಾಗ ಕಣಯ್ಯ, ಹೇಗೆ ಸೇದಬಾರದು ಅಂತ ಮೊದಲು ತೋರಿಸ್ತೀವಿ ಎಂದೆ.

ಎರಡನೆಯ ಸಲ ಸರಿಯಾಗಿ ಎಳೆದೆ. ಬಾಯಲ್ಲೇ ನಿಲ್ಲಿಸಿದೆ, ಬಿಟ್ಟೆ. ಮೊದಲು ಹಳೆಯ ಮರದ ಪೆಟ್ಟಿಗೆ ತೆರೆದ ವಾಸನೆ, ಆಮೇಲೆ ಕಹಿ, ಕಹಿಯ ಹಿಂದೆ, ಊಟ ಮುಗಿದ ಮೇಲೆ ಬಂದ ನೆಂಟನ ಹಾಗೆ, ಸಂಕೋಚದ ಒಂದು ಸಿಹಿ. ಚೆನ್ನಾಗಿತ್ತೇ ಎಂದು ಕೇಳಬೇಡ. ಇನ್ನೊಮ್ಮೆ ಸೇದುವುದಿಲ್ಲ. ಆದರೆ ನಿಮಿಷಕ್ಕೆ ಒಂದೇ ಸಲ ಎಳೆಯಬೇಕಲ್ಲ, ಉಳಿದ ನಿಮಿಷ ಏನು ಮಾಡುವುದು? ಏನೂ ಮಾಡುವಂತಿಲ್ಲ. ಸುಮ್ಮನೆ ಕೂತಿರಬೇಕು. ಆಗ ನನಗೆ ತಿಳಿಯಿತು, ನಾನು ಇಷ್ಟು ವರ್ಷ ಸುತ್ತಿದ್ದು ಹೊಗೆಸೊಪ್ಪನ್ನಲ್ಲ, ಯಾರೋ ಒಬ್ಬರು ಸುಮ್ಮನೆ ಕೂರುವ ಮುಕ್ಕಾಲು ಗಂಟೆಯನ್ನು. ಅಂಥದ್ದನ್ನು ದಿನಕ್ಕೆ ನೂರು ಮಾಡಿದವಳಿಗೆ ಒಂದೂ ಸಿಕ್ಕಿರಲಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರಲ್ಲ, ಆ ಕುಂಬಾರನಿಗೂ ಒಮ್ಮೆ ದೊಣ್ಣೆ ಕೈಗೆ ಕೊಟ್ಟು ನೋಡಬೇಕು. ಬೀಸುವುದಕ್ಕೂ ತ್ರಾಣವಿಲ್ಲದೆ ಅದನ್ನೇ ಊರಿಕೊಂಡು ಕೂತುಬಿಡುತ್ತಾನೆ. ನಾನು ಕೂತದ್ದೂ ಹಾಗೇ. ನನಗೆ ಇಷ್ಟು ಸುಸ್ತಾಗಿದೆ ಎಂದು ಅಲ್ಲಿಯವರೆಗೆ ನನಗೇ ಗೊತ್ತಿರಲಿಲ್ಲ.

ಬೂದಿ ನಿಂತಿತು. ಒಂದು ಗೆಣ್ಣು, ಒಂದೂವರೆ, ಎರಡು. ಮೇಸ್ತ್ರಿ ಬೆರಳು ಹಿಡಿದು ಅಳೆದು, ತಲೆಯಾಡಿಸಿದ. ನಲವತ್ತು ಹಲಗೆಗಳು ಒಮ್ಮೆಗೇ ಕುಟ್ಟಿಸಿಕೊಂಡವು. ಕಿಟಕಿಯ ಗಾಜು ನಡುಗಿತು. ನಾನು ಮಹಾರಾಣಿಯ ಹಾಗೆ ತಲೆ ಬಾಗಿಸಿದೆ. ಬಾಗಿಸಬಾರದಿತ್ತು. ಬಾಗಿಸಿದ್ದರಿಂದಲೇ ಹಲಗೆಯ ಮೇಲೆ ಬಿದ್ದಿದ್ದ ಟೋಪಿ, ಅಂದರೆ ನಾನು ಕತ್ತರಿಸಿ ಹಾಕಿದ ಆ ತುದಿಯ ಚೂರು, ಕಣ್ಣಿಗೆ ಬಿತ್ತು.

ಸುತ್ತಿ ಮುಗಿದ ಮೇಲೆ ಎಲೆಯ ಬಾಲವನ್ನು ಹೆಬ್ಬೆರಳಿಂದ ತಿರುವಿ ತುದಿ ಮುಚ್ಚುತ್ತೇವೆ. ನಾನು ತಿರುವುವುದು ಬಲಕ್ಕೆ. ಆ ಚೂರಿನ ಮಡಿಕೆ ಎಡಕ್ಕೆ ತಿರುಗಿತ್ತು. ಇಡೀ ಕಾರ್ಖಾನೆಯಲ್ಲಿ ಎಡಕ್ಕೆ ತಿರುವುವ ಕೈ ಒಂದೇ.

ಸಿಗಾರನ್ನು ತಟ್ಟೆಯಲ್ಲಿಟ್ಟೆ, ತಾನಾಗಿ ಆರಲಿ ಎಂದು ಬಿಟ್ಟೆ, ನಿಯಮ ಅಂದರೆ ನಿಯಮ. ಎಲ್ಲರೂ ಕೆಲಸಕ್ಕೆ ತಿರುಗಿದ ಮೇಲೆ ಇವಳನ್ನು ಹಿಂಬಾಗಿಲ ಮೆಟ್ಟಿಲಿಗೆ ಕರೆದುಕೊಂಡು ಹೋಗಿ, ನನ್ನದೆಲ್ಲಿ, ತೆಗಿ ಎಂದೆ. ಯಾವುದು ಎಂದಳು. ನಾಟಕ ಆಡಬೇಡ ಕಣೇ ಎಂದೆ. ಆಗ ಏಪ್ರನ್ ಜೇಬಿಂದ ತೆಗೆದಳು. ನಾನು ಊಟಕ್ಕೆ ಕೈ ತೊಳೆಯಲು ಹೋದಾಗ ಬದಲಿಸಿದ್ದಳಂತೆ.

ನೋಡಲು ನನ್ನದು ಲಕ್ಷಣವಾಗಿಯೇ ಇತ್ತು, ತುದಿ ಬಲಕ್ಕೆ ತಿರುಗಿತ್ತು. ಹಚ್ಚಿದೆ. ಎಳೆದೆ. ಹೊಗೆ ಬರಲಿಲ್ಲ. ಇನ್ನೂ ಜೋರಾಗಿ ಎಳೆದೆ. ಕೆನ್ನೆಗಳು ಒಳಗೊಳಗೇ ಪರಸ್ಪರ ಭೇಟಿಯಾದವು, ಹೊಗೆ ಮಾತ್ರ ಬರಲಿಲ್ಲ. ಒನಕೆಯನ್ನು ಬಾಯಲ್ಲಿಟ್ಟು ಎಳೆದ ಹಾಗೆ. ಕಲ್ಲಿನ ಹಾಗೆ ಬಿಗಿ ಸುತ್ತಿದ್ದೆ. ಬೆರಳಿಗೆ ಹದ ತಿಳಿಯದಿದ್ದರೆ ಹಾಗಾಗುತ್ತದೆ, ತಿಳಿಯದ್ದಕ್ಕೆ ಇನ್ನಷ್ಟು ಒತ್ತುತ್ತೇವೆ.

ಎಷ್ಟು ದಿನದಿಂದ ಎಂದು ಕೇಳಿದೆ. ಎರಡು ವರ್ಷ ಎಂದಳು. ನನ್ನ ತಟ್ಟೆಯಿಂದ ಬಿಗಿಯಾದವನ್ನೆಲ್ಲ ಆರಿಸಿ, ಬಿಚ್ಚಿ, ಮತ್ತೆ ಸುತ್ತಿ ಇಡುತ್ತಿದ್ದಳಂತೆ. ಈ ಎರಡು ವರ್ಷ ಮೊಣಕೈ ತಾಗಿಸಿ ಜಗಳ ತೆಗೆಯುತ್ತಿದ್ದದ್ದೂ ನಾನು ಆ ಕಡೆ ಮುಖ ತಿರುಗಿಸಲಿ ಅಂತಂತೆ. ಮೇಸ್ತ್ರಿಗೆ ಗೊತ್ತಾ ಎಂದೆ. ಎಲ್ಲರಿಗೂ ಗೊತ್ತು, ನಿನಗೊಬ್ಬಳಿಗೇ ಗೊತ್ತಿರಲಿಲ್ಲ ಎಂದಳು. ಹಾಗಾದ್ರೆ ಅಷ್ಟು ಜೋರಾಗಿ ಯಾರಿಗೆ ಕುಟ್ಟಿದ್ರಿ, ನಿನಗಾ ಎಂದೆ. ಅದಕ್ಕೆ ಇವಳು, ನಿನಗೇ ಕಣೇ ಮಂಕೆ, ಮೂವತ್ತೊಂದು ವರ್ಷಕ್ಕೆ. ಒಂದು ಸಿಗಾರಿಗೆ ಯಾರಾದ್ರೂ ಕಿಟಕಿ ಗಾಜು ಅಲ್ಲಾಡೋ ಹಾಗೆ ಕುಟ್ತಾರಾ ಎಂದಳು. ಬೈಯಬೇಕೆಂದು ಬಾಯಿ ತೆರೆದೆ. ಬೈಯಲು ಕೂಡ ಸುಸ್ತು. ಇಬ್ಬರೂ ಮೆಟ್ಟಿಲ ಮೇಲೆ ಕೂತೆವು. ಅಲ್ಲಿ ಜಾಗ ಕಡಿಮೆ, ಮೊಣಕೈ ತಾಗಿತು, ಯಾರೂ ತೆಗೆಯಲಿಲ್ಲ. (ಇದನ್ನು ಬರೆಯಬೇಡ ಎಂದಳು. ಬರೆದಿದ್ದೇನೆ.)

ಸರಿ, ಕನ್ನಡಕ ಮುರಿದಿಲ್ಲ. ನೀನು ಈ ಹೊತ್ತಿಗೆ ಊಹಿಸಿರುತ್ತೀಯ, ನನ್ನ ಮೂಗು ಹೊತ್ತವಳು. ಪೆನ್ನು ಹಿಡಿದರೆ ಬೆರಳು ಮಡಚುವುದಿಲ್ಲ, ಮಡಚಿದರೆ ಬಿಚ್ಚುವುದಿಲ್ಲ.

ಏಳು ತಿಂಗಳ ಹಿಂದಿನ ಆ ಜಗಳವನ್ನು ನಾನು ಬೀದಿಗೆಲ್ಲ ಒಂದೇ ಥರ ಹೇಳಿಕೊಂಡು ಬಂದಿದ್ದೇನೆ: ನನ್ನ ವಾರ್ಡಿಗೆ ರೋಗಿಗಳನ್ನ ಕಳಿಸೋದೇ ನೀನು ಅಂತ ಮಗಳು ಅಂದಳು, ನಿನ್ನ ಬಿಳಿ ಸಮವಸ್ತ್ರ ತಂದುಕೊಟ್ಟಿದ್ದು ಈ ಕಂದು ಕೈ ಅಂತ ನಾನು ಅಂದೆ, ಅವಳು ಬಾಗಿಲು ಹಾಕಿಕೊಂಡು ಹೋದಳು. ಅದು ಜಗಳದ ಬಾಲ. ತಲೆ ಬೇರೆಯೇ ಇತ್ತು. ನಾನು ಲೋಟವನ್ನು ಎರಡು ಅಂಗೈಯಲ್ಲಿ ಒತ್ತಿ ಹಿಡಿದದ್ದು ನೋಡಿ ನೀನು, ಅಮ್ಮ, ಕೈ ತೋರಿಸು ಅಂದೆ. ಅಷ್ಟೇ ಅಂದದ್ದು. ನಾನು ಕೈಯನ್ನು ಸೆರಗಿನಡಿ ಬಚ್ಚಿಟ್ಟು, ನಿನ್ನ ವಾರ್ಡಿನ ಸುದ್ದಿ ಎತ್ತಿ ಮೊದಲ ಕಲ್ಲು ಹೊಡೆದೆ. ಹೋಗುವಾಗ ನೀನು ಹೊಸ್ತಿಲಲ್ಲಿ ನಿಂತು, ಕೆಲಸ ಬಿಟ್ಟು ನನ್ನ ಜೊತೆ ಬಂದಿರು, ಮನಸ್ಸಾದಾಗ ‘ಬಾ’ ಅಂತ ಒಂದಕ್ಷರ ಬರೆದು ಹಾಕು, ಬಂದು ಕರ್ಕೊಂಡು ಹೋಗ್ತೀನಿ ಅಂದೆ. ನನ್ನ ಕೈ ಗಟ್ಟಿ ಇರೋವರೆಗೆ ಯಾರ ಮನೆಯ ತುತ್ತೂ ಬೇಡ ಅಂದೆ ನಾನು. ಆವತ್ತೇ ಕೈ ಗಟ್ಟಿ ಇರಲಿಲ್ಲ ಗುಬ್ಬಿ. ನೀನು ಒಂದು ಲೋಟ ನೋಡಿ ತಿಳಿದದ್ದನ್ನು ನಾನು ಎರಡು ಸಿಗಾರ್ ಸೇದಿ ತಿಳಿಯಬೇಕಾಯಿತು.

ಇದನ್ನೆಲ್ಲ ಬರೆಸಿದ್ದು ಸುದ್ದಿ ತಿಳಿಸಲಿಕ್ಕೆ, ಬೇರೆ ಉದ್ದೇಶವಿಲ್ಲ. ನಿನಗೆ ಡ್ಯೂಟಿ ಇದೆ, ನನಗೆ ಮನೆ ಇದೆ. ಬೆಳಗ್ಗೆ ಕಿಟಕಿ ಹತ್ತಿರ ಕೂರುತ್ತೇನೆ, ನಿಮಿಷಕ್ಕೊಂದು ಸಲ ಬೀದಿ ನೋಡುತ್ತೇನೆ. ಆರಾಮಾಗಿದ್ದೇನೆ. ಈ ಸಾಲುಗಳ ನಡುವೆ ಮೂರು ಕಡೆ ಗೀಚಿ ಹೊಡೆದದ್ದು ಬಲಗಡೆಯವಳ ತಪ್ಪು, ಅವಳಿಗೆ ಕಾಗುಣಿತ ಸಾಲದು. ಅದಕ್ಕೆ ಗಮನ ಕೊಡಬೇಡ.

ಅಕ್ಷರವೆಲ್ಲ ಅವಳದಾದರೂ ಸಹಿ ಮಾತ್ರ ನನ್ನ ಕೈಯದೇ, ಕಾಗೆ ಕಾಲಿನಂತಿರುವುದೇ ಅದಕ್ಕೆ ಸಾಕ್ಷಿ.

ನಿನ್ನ
ಅಮ್ಮ

ತಾ. ಕ.: ಗುಬ್ಬಿ, ಇದು ನಿನ್ನಮ್ಮನ ಮಾತಲ್ಲ, ನನ್ನದು. ಅಂಚೆಚೀಟಿ ಹುಡುಕಲು ಅವಳು ಒಳಗೆ ಹೋಗಿದ್ದಾಳೆ, ಆ ಬೆರಳಲ್ಲಿ ಡಬ್ಬಿ ತೆಗೆಯಲು ಹೊತ್ತು ಹಿಡಿಯುತ್ತದೆ. ಓದಿ ಹೇಳು ಅಂದಾಗ ಆವರಣದೊಳಗಿನದನ್ನೆಲ್ಲ ನುಂಗಿ ಓದಿದ್ದೇನೆ, ಬಾಯಿ ಬಿಡಬೇಡ. ಎರಡು ವರ್ಷ ಅವಳು ಸುತ್ತಿದ್ದನ್ನೆಲ್ಲ ಬಿಚ್ಚಿ ಸುತ್ತಿದೆ. ಈ ಕಾಗದವನ್ನು ಮಾತ್ರ ಅವಳು ಸುತ್ತಿದ ಹಾಗೇ ಬಿಟ್ಟಿದ್ದೇನೆ. ನನ್ನ ಕಾಗುಣಿತಕ್ಕೇನೂ ಆಗಿಲ್ಲ. ಆ ಮೂರು ಕಡೆಯೂ ಅವಳು ಬರೆಸಿದ್ದು ಒಂದೇ ಅಕ್ಷರ, ಮೂರು ಸಲವೂ ಹೊಡೆದುಹಾಕು ಅಂದಳು. ಹೊಡೆದೆ, ಆದರೆ ಗಟ್ಟಿಯಾಗಿ ಒತ್ತಲಿಲ್ಲ. ಬೆಳಕಿಗೆ ಹಿಡಿದು ನೋಡು, ಓದಬಹುದು. ಭಾನುವಾರ ಅವಳು ಕಿಟಕಿಯಲ್ಲೇ ಇರುತ್ತಾಳೆ.