ಒತ್ತಿಟ್ಟ ಇಪ್ಪತ್ತು ಗಿಡ

ಸೆಪ್ಟೆಂಬರ್ 8, ಸೋಮವಾರ

ಇವತ್ತು ಎಂಟು ಗಿಡ. ರಾಯಾಪುರದ ರಸ್ತೆ ಬದಿಯವು, ಬೇರು ಸಮೇತ. ಇನ್ನು ಹನ್ನೆರಡು. ಇಪ್ಪತ್ತು ಗಿಡ ಒತ್ತಿ ಒಣಗಿಸಿ, ಹಾಳೆಗೆ ಹೊಲಿದು, ಚೀಟಿ ಅಂಟಿಸಿ ಕೊಡದಿದ್ದರೆ ಪ್ರಾಕ್ಟಿಕಲ್ ಪರೀಕ್ಷೆಗೆ ಕೂರಿಸುವುದಿಲ್ಲ.

ನಲವತ್ತೆಂಟನೆಯ ವಯಸ್ಸಿಗೆ ನನ್ನ ಎಂ.ಎಸ್ಸಿ. ಬಾಟನಿ. ಕ್ಲಾಸಿನ ಹುಡುಗಿಯರು ಒಂದು ಹುಲ್ಲುಕಡ್ಡಿಯನ್ನೂ ಕಿತ್ತಿಲ್ಲ. ಸೀನಿಯರ್‌ಗಳ ಹಳೆಯ ಹಾಳೆ, ಮೇಲೊಂದು ಹೊಸ ಚೀಟಿ. ನಾಚಿಕೆಯಿಲ್ಲವೇ ಎಂದು ಅವರಲ್ಲೊಬ್ಬಳು, ಸೌಂದರ್ಯಾಳನ್ನು ಕೇಳಿದೆ.

"ಸತ್ತ ಗಿಡಕ್ಕ ಏನ ಗೊತ್ತಾಕ್ಕೈತ್ರಿ ಅಕ್ಕಾರ, ಯಾರ ಕಿತ್ತಾರಂತ?"

ಇಡೀ ಬೆಂಚು ನಕ್ಕಿತು. ನಾಳೆ ಪಾಠ ಹೇಳುವವರು ಇವರು. ತುಂಬೆ ಗಿಡ ತೋರಿಸಿದರೆ ಹೆಸರು ಹುಡುಕಲು ಮೊಬೈಲ್ ತೆಗೆಯುತ್ತಾರೆ.

ಸೆಪ್ಟೆಂಬರ್ 14, ರವಿವಾರ

ಇಪ್ಪತ್ತೂ ಆದವು. ಗಿಡದ ನೀರು ಹೀರಲಿಕ್ಕೆ ನಡುವಿನ ಪೇಪರ್ ದಿನವೂ ಬದಲಿಸಬೇಕು. ಮನೆಯಲ್ಲಿ ಉಳಿದದ್ದು ಕವಿತೆಗೆಂದು ಎತ್ತಿಟ್ಟ ಪುರವಣಿಗಳು. ಮುಕ್ಕಾಲು ಪಾಲು ಕೆಟ್ಟ ಕವಿತೆ — ಮೋಡ ಕಂಡರೆ ಸಾಕು, ಅವಳ ಕೂದಲು. ಆದರೂ ಹಸಿ ಬೇರಿನಡಿ ಇಡಲು ಮನಸ್ಸಾಗಲಿಲ್ಲ. ಗೋಕುಲ ರಸ್ತೆಯ ಫರ್ನಿಚರ್ ಅಂಗಡಿಯ ಜಾಹೀರಾತು ಹಾಳೆಗಳಿದ್ದವು, ದಪ್ಪ, ಮಿರಮಿರ ಹೊಳೆಯುವವು. ಅವನ್ನೇ ಇಟ್ಟು ಕಲ್ಲು ಹೇರಿದೆ. ಗುರುವಾರ ಕ್ಲಾಸಿನಲ್ಲಿ ನನ್ನ ಸೆಮಿನಾರ್; ಅದು ಮುಗಿಯುವವರೆಗೆ ಪೇಪರ್ ಬದಲಿಸಲು ಪುರುಸೊತ್ತಿಲ್ಲ.

ಸೆಪ್ಟೆಂಬರ್ 19, ಶುಕ್ರವಾರ, ಬೆಳಿಗ್ಗೆ 6

ಕಲ್ಲು ಇಳಿಸುವ ಮೊದಲೇ ವಾಸನೆ. ಹೊಳೆಯುವ ಹಾಳೆ ಒಂದು ಹನಿಯನ್ನೂ ಹೀರಿಲ್ಲ. ಹದಿನಾಲ್ಕು ಗಿಡ ಕಪ್ಪಾಗಿ ಬೂಷ್ಟು ಹಿಡಿದಿವೆ. ಸಾಲಿ ಮಕ್ಕಳಿಗೂ ಗೊತ್ತಿರುವ ಸಂಗತಿ... ಸೋಮವಾರ ಕೊಡಬೇಕು. ಮೂರು ದಿನದಲ್ಲಿ ಏನೂ ಒಣಗದು.

ಸಂಜೆ

ಮಧ್ಯಾಹ್ನ ಕ್ಲಾಸಿನಲ್ಲಿ ಬಾಯಿಬಿಟ್ಟಿದ್ದೆ; ಸೌಂದರ್ಯಾ ಸಪ್ತಾಪುರದ ರೂಮಿನಿಂದ ನಡೆದೇ ಬಂದಳು. ಕಂಕುಳಲ್ಲಿ ಹದಿನಾಲ್ಕು ಹಳೆಯ ಹಾಳೆ.

"ತಗೋರಿ. ಚೀಟಿ ನೀವ ಬರೀರಿ, ನಿಮ್ಮ ಅಕ್ಷರ ಛಲೋ ಅದಾವು."

"ಬ್ಯಾಡವಾ."

"ವರ್ಷಾ ಹಾಳ ಮಾಡ್ಕೋತೀರೇನ್ರಿ? ಬೈಯೂದಿದ್ರ ಆಮ್ಯಾಲ ಬೈರಿ."

ಕರುಣೆ. ಇವಳಿಂದ. ನನಗೆ.

ಹದಿನಾಲ್ಕು ಚೀಟಿ ಬರೆದೆ. ಸಿಕ್ಕಿದ್ದು: ರಾಯಾಪುರ. ಕೆಳಗೆ ನನ್ನ ಹೆಸರು.

ಸೆಪ್ಟೆಂಬರ್ 22, ಸೋಮವಾರ

ಶಂಭುಲಿಂಗ ಸರ್ ಹಾಳೆ ತಿರುವುತ್ತ ಹನ್ನೊಂದನೆಯದಕ್ಕೆ ನಿಂತರು. ಸೌಂದರ್ಯಾ ಕೊಟ್ಟವುಗಳಲ್ಲಿ ಒಂದು.

"ಇದು ಎಲ್ಲಿ ಸಿಕ್ತರಿ?"

"ರಾಯಾಪುರದಾಗ, ಸರ್." ಧ್ವನಿ ನಡುಗಲೂ ಇಲ್ಲ. ಅದೇ ಹೇಸಿಗೆ.

ದಂಟಿನ ಮೇಲಿನ ಹಳದಿ ದಾರವನ್ನು ಬೆರಳಿನಿಂದ ಸವರಿದರು. ಪ್ರತಿ ಹೊಲಿಗೆಗೂ ಎರಡು ಗಂಟು.

"ನಮ್ಮವ್ವ ಹೊಲದದ್ದು. ನಾನು ಎಂ.ಎಸ್ಸಿ. ಮುಗಿಸಿದ ಮ್ಯಾಲ ಜೂನಿಯರ್‌ಗೆ ಕೊಟ್ಟಿದ್ದೆ."

ಬೈಗುಳಕ್ಕೆ ಕಾದೆ. ಬೈಯಲಿಲ್ಲ. ಇಪ್ಪತ್ತಕ್ಕೂ ಸಹಿ ಹಾಕಿದರು.

"ಪರೀಕ್ಷಾ ಮುಗದ ಮ್ಯಾಲ ಇದೊಂದು ನನಗ ಕೊಡ್ರಿ. ಅಕಿ ಈಗ ಇಲ್ಲ."

ಹೊರಗೆ ಸೌಂದರ್ಯಾ ಕಾಯುತ್ತಿದ್ದಳು. "ಆತೇನ್ರಿ, ಅಕ್ಕಾರ?"

ಆತು ಎಂದೆ. ತಾನೇ ಪಾಸಾದವಳಂತೆ ನನ್ನ ಕೈ ಹಿಡಿದುಕೊಂಡಳು. ನಾನು ಆ ಕೈಯನ್ನು ಬಿಡಿಸಿಕೊಳ್ಳಲಿಲ್ಲ.