ನಾನು ಹೇಳಿದ ಹೆಸರು

ಶಾರದಾ ಅಕ್ಕೋರಿಗೆ,
ಮಾಧುರಿ ಮಾಡುವ ನಮಸ್ಕಾರಗಳು.

ಮೂರು ಸಲ ನಿಮ್ಮ ನಂಬರ್ ಒತ್ತಿ ಮೂರು ಸಲವೂ ಕಟ್ ಮಾಡಿದೆ. ನೀವು “ಊಟಾತೇನವಾ?” ಅಂದುಬಿಟ್ಟರೆ ನನ್ನ ಬಾಯಿ ಮತ್ತೆ ಕಟ್ಟುತ್ತದೆ ಎಂದು ಗೊತ್ತಿತ್ತು. ಅದಕ್ಕೇ ಸ್ಕಾರ್‌ಬರೋದ ಲೈಬ್ರರಿಯಲ್ಲಿ ಕೂತು ಬರೆಯುತ್ತಿದ್ದೇನೆ. ಮಂಗಳವಾರ ಲೇಬರ್ ಬೋರ್ಡಿನ ವಿಚಾರಣೆಯಲ್ಲಿ ಈ ವಿಷಯ ನಿಮ್ಮ ಕಿವಿಗೆ ಬೀಳುತ್ತದೆ. ಅದಕ್ಕೂ ಮೊದಲು ನನ್ನಿಂದಲೇ ನಿಮಗೆ ತಿಳಿಯಬೇಕು.

ಪರೋಟಾ ಫ್ಯಾಕ್ಟರಿಗೆ ನಾನು ಬಂದ ಮೊದಲ ದಿನ ಪ್ಯಾಕಿಂಗ್ ಲೈನಿನಲ್ಲಿ ಪಕ್ಕಕ್ಕೆ ಕರೆದು ನಿಲ್ಲಿಸಿಕೊಂಡವರು ನೀವು. ಬೈಲಹೊಂಗಲದ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷ ಇತಿಹಾಸ ಕಲಿಸಿದವರು, ಇಲ್ಲಿ ತಲೆಗೆ ಜಾಲರಿ ಟೋಪಿ ಹಾಕಿಕೊಂಡು ಡಬ್ಬಿ ಮುಚ್ಚುತ್ತಿದ್ದಿರಿ. ಆದರೂ ಊಟದ ಅರ್ಧ ಗಂಟೆಯಲ್ಲಿ ನಿಮ್ಮ ಕ್ಲಾಸು ನಡೆದೇ ನಡೆಯುತ್ತಿತ್ತು. ಪಂಜಾಬಿನ ಹುಡುಗಿಯರಿಗೆ ಮುರುಕು ಹಿಂದಿಯಲ್ಲಿ, ನನಗೆ ನಮ್ಮ ಕನ್ನಡದಲ್ಲಿ.

ಫೆಬ್ರವರಿಯಲ್ಲಿ ಓವನ್ನಿನ ಬೆಲ್ಟಿಗೆ ಬೆಂಕಿ ಹತ್ತಿಕೊಂಡ ದಿನ ನೆನಪಿದೆಯಲ್ಲ? ಎಲ್ಲರೂ ಹಿಂಬಾಗಿಲಿಗೆ ಓಡಿದೆವು. ಅದಕ್ಕೆ ಸರಪಳಿ ಸುತ್ತಿ ಬೀಗ ಹಾಕಿದ್ದರು. ಕೆಲಸದವರು ಪದೇ ಪದೇ ಹೊರಗೆ ಹೋಗುತ್ತಾರೆ ಎಂಬುದು ಕಂಪನಿಯವರ ದೂರು. ಮುಂದಿನ ಬಾಗಿಲ ದಾರಿ ಹೊಗೆಯಲ್ಲಿ ಮುಚ್ಚಿಹೋಗಿತ್ತು. ನಾನು ಬಾಗಿಲಿಗೆ ಮುಷ್ಟಿಯಿಂದ ಗುದ್ದುತ್ತಿದ್ದೆ. ನೀವು ನನ್ನ ಭುಜ ಹಿಡಿದು ನೆಲಕ್ಕೆ ಒತ್ತಿ, ಹಸಿ ಬಟ್ಟೆಯನ್ನು ಮೂಗಿಗೆ ಹಿಡಿದು, “ಕೆಳಗ ಕೂಡು, ಕೆಳಗ ಗಾಳಿ ಇರ್ತೈತಿ” ಅಂದಿರಿ. ಕೀಲಿ ಸಿಗುವಷ್ಟರಲ್ಲಿ ನಮ್ಮ ಲೈನಿನ ಸುಮಿತ್ರಮ್ಮ ಎಚ್ಚರ ತಪ್ಪಿದ್ದರು. ಆಸ್ಪತ್ರೆಯಿಂದ ಮನೆಗೆ ಹೋದರೇ ಹೊರತು ಕೆಲಸಕ್ಕೆ ಮರಳಲಿಲ್ಲ.

ಮರುವಾರವೂ ಅದೇ ಬಾಗಿಲಿಗೆ ಅದೇ ಬೀಗ. ಆವತ್ತು ಊಟದ ಹೊತ್ತಿನಲ್ಲಿ ನೀವು ಡಬ್ಬಿಯನ್ನೇ ಬಿಚ್ಚಲಿಲ್ಲ. “ನ್ಯೂಯಾರ್ಕಿನಾಗ ನೂರು ವರ್ಷದ ಹಿಂದ ಬ್ಲೌಸ್ ಹೊಲಿಯೋ ಹುಡುಗ್ಯಾರಿದ್ರು. ನಿಮ್ಮಂಗ ಹೊರದೇಶದಿಂದ ಬಂದಾವರು, ಭಾಷಾ ಬರತಿದ್ದಿಲ್ಲ. ಸಾವಿರಗಟ್ಟಲೆ ಮಂದಿ ಚಳಿಯಾಗ ಬೀದಿಗೆ ಇಳದು ಸ್ಟ್ರೈಕ್ ಮಾಡಿದ್ರು. ಒಂದು ಫ್ಯಾಕ್ಟರಿ ಮಾಲಕರು ಮಾತ್ರ ಯೂನಿಯನ್ ಒಪ್ಪಲಿಲ್ಲ. ಒಂದೂವರೆ ವರ್ಷಕ್ಕ ಅಲ್ಲೇ ಬೆಂಕಿ ಬಿತ್ತು. ಬಾಗಿಲಕ್ಕ ಕೀಲಿ. ನೂರಾ ನಲವತ್ತಾರು ಮಂದಿ ಹ್ವಾದ್ರು. ಆಮ್ಯಾಲ ಊರಿಗೂರೇ ಎದ್ದಿತು, ಕಾಯ್ದೆ ಆದುವು. ನಾವು ಸತ್ತ ಮ್ಯಾಲ ಯಾಕ, ಇದ್ದಾಗ ಕೇಳೋಣು” ಅಂದಿರಿ. ಮಾರನೆಯ ದಿನ ನಿಮ್ಮ ಕೈಚೀಲದಲ್ಲಿ, ಯೂನಿಯನ್ ಬೇಕು ಎಂದು ಸಹಿ ಹಾಕುವ ಕಾರ್ಡುಗಳು ಬಂದವು.

ನಾನು ಸಹಿ ಹಾಕಲಿಲ್ಲ. ನನ್ನ ವರ್ಕ್ ಪರ್ಮಿಟ್ಟಿನ ಮೇಲೆ ಕಂಪನಿಯ ಹೆಸರೇ ಅಚ್ಚಾಗಿದೆ. ಇದನ್ನು ಬಿಟ್ಟರೆ ಈ ದೇಶದಲ್ಲಿ ಬೇರೆ ಎಲ್ಲಿಯೂ ದುಡಿಯುವಂತಿಲ್ಲ. ನನ್ನ ಗಂಡ ಅಮರೇಶರ ಪರ್ಮಿಟ್ಟೂ ನನ್ನದಕ್ಕೆ ಅಂಟಿಕೊಂಡಿದೆ. ಅದನ್ನೆಲ್ಲ ನಾನು ಬಾಯಿಬಿಟ್ಟು ಹೇಳುವ ಮೊದಲೇ ನೀವು ಕಾರ್ಡನ್ನು ಹಿಂದಕ್ಕೆ ತೆಗೆದುಕೊಂಡು, “ನಿನ್ನ ಕಷ್ಟ ನಂಗ ಗೊತ್ತೈತಿ. ನೀ ಮಾಡಬ್ಯಾಡ” ಅಂದಿರಿ.

ಮುಂದಿನ ಭಾನುವಾರ ರಘುನಾಥ ಸರ್ ತಮ್ಮ ಕ್ಲೈನ್‌ಬರ್ಗ್ ಮನೆಗೆ ಸತ್ಯನಾರಾಯಣ ಪೂಜೆಗೆ ಕರೆದರು. ಫ್ಯಾಕ್ಟರಿಯ ಮ್ಯಾನೇಜರ್ ನಮ್ಮನ್ನು ಮನೆಗೆ ಕರೆದರಲ್ಲ ಎಂದು ಅಮರೇಶ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡರು. ಊಟವಾಯಿತು. ಅವರ ಹೆಂಡತಿ ಅರುಂಧತಿ ಮೇಡಂ ಒಳಗೆ ಪ್ರಸಾದ ಕಟ್ಟುತ್ತಿದ್ದರು. ಸರ್ ನನ್ನನ್ನು ಕಿಟಕಿಯ ಹತ್ತಿರ ಕರೆದು ಮೆತ್ತಗೆ, “ಮಾಧುರಿ, ನೀವು ನಮ್ಮೋರು ಅಂತ ಕೇಳ್ತಿದೀನಿ. ನೀವಿಲ್ಲೇ ಪರ್ಮನೆಂಟಾಗಿ ಇರೋಕೆ ಬೇಕಾದ ಪಿಆರ್ ಪೇಪರ್ಸು ನನ್ನ ಟೇಬಲ್ ಮೇಲೇ ಇದೆ, ಸೈನ್ ಮಾಡೋದೊಂದೇ ಬಾಕಿ. ಈ ಕಾರ್ಡ್ಸು ಯಾರು ಹಂಚ್ತಿದಾರೆ? ಸುಮ್ನೆ ಮಾತಾಡೋಣ ಅಂತ, ಅಷ್ಟೆ” ಅಂದರು. ಅವರು ಗದರಲಿಲ್ಲ, ಅಕ್ಕೋರೇ. ಗದರಿದ್ದರೆ ಬಹುಶಃ ನಾನು ಸುಮ್ಮನಿರುತ್ತಿದ್ದೆ. ನಿಮ್ಮ ಹೆಸರು ಹೇಳಿದೆ.

ಬುಧವಾರ ನಿಮ್ಮನ್ನು ಆಫೀಸಿಗೆ ಕರೆದರು. ಲೈನಿನಲ್ಲಿ ಮೊಬೈಲ್ ತೆಗೆದಿರಿ ಎಂಬ ನೆಪ ಹೇಳಿ ಕೆಲಸದಿಂದ ತೆಗೆದರು. ಪಾರ್ಕಿಂಗಿನಲ್ಲಿ ಹುಡುಗಿಯರು ಯಾರೋ ಚಾಡಿ ಹೇಳಿದ್ದಾರೆಂದು ಶಾಪ ಹಾಕುತ್ತಿದ್ದರು. ನೀವು ಬೂಟಿನ ಲೇಸು ಕಟ್ಟುತ್ತಲೇ, “ಬೈಬ್ಯಾಡ್ರಿ. ಯಾರೋ ಪಾಪ, ಹೆದರಿ ಹೇಳಿರಬೇಕು” ಅಂದಿರಿ. ನಾನು ಎರಡು ಮಾರು ದೂರದಲ್ಲಿದ್ದೆ. ಒಂದು ಹೆಜ್ಜೆ ಮುಂದೆ ಇಡಲಾಗಲಿಲ್ಲ.

ಎರಡು ವಾರಕ್ಕೆ ಊಟದ ಕೋಣೆಯಲ್ಲಿ ಮತದಾನವಾಯಿತು. ನಾನು ಯೂನಿಯನ್ ಬೇಕು ಎಂದೇ ಗುರುತು ಹಾಕಿದೆ. ಪೆಟ್ಟಿಗೆಯ ಮುಂದೆ ನಿಂತವರ ಮುಖಗಳಲ್ಲೆಲ್ಲ ನಿಮಗಾದ ಗತಿಯ ಭಯವಿತ್ತು. ನಾಲ್ಕು ಮತಗಳಿಂದ ಸೋತೆವು. ನನ್ನನ್ನು ಪ್ಯಾಕಿಂಗ್ ನೋಡಿಕೊಳ್ಳುವ ಲೈನ್ ಲೀಡ್ ಮಾಡಿದರು. ಪಿಆರ್ ಪೇಪರಿಗೆ ಮಾತ್ರ ಇವತ್ತಿಗೂ ಸಹಿ ಬಿದ್ದಿಲ್ಲ. ಕೇಳಿದಾಗಲೆಲ್ಲ ಸರ್ ನಗುತ್ತಾರೆ, “ಆಗುತ್ತೆ, ಆಗುತ್ತೆ” ಅನ್ನುತ್ತಾರೆ. ಅದು ಎಂದೂ ಆಗುವುದಿಲ್ಲ, ಏಕೆಂದರೆ ಸಹಿ ಬೀಳುವವರೆಗೆ ಮಾತ್ರ ನಾನು ಅವರ ಮಾತು ಕೇಳುತ್ತೇನೆ ಎಂಬುದು ಅವರಿಗೆ ಗೊತ್ತಿದೆ.

ಕಳೆದ ಗುರುವಾರ, ನಿಮ್ಮನ್ನು ತೆಗೆದದ್ದರ ವಿರುದ್ಧ ಬೋರ್ಡಿನಲ್ಲಿ ಕೇಸು ನಡೆಸುತ್ತಿರುವ ಯೂನಿಯನ್ನಿನ ವಕೀಲರ ಬಳಿ ಹೋಗಿ, ಆ ಕಿಟಕಿಯ ಹತ್ತಿರ ನಡೆದದ್ದನ್ನೆಲ್ಲ ಬರೆದುಕೊಟ್ಟು ಸಹಿ ಮಾಡಿದೆ. ನನ್ನ ಪರ್ಮಿಟ್ಟು ಏನಾಗುತ್ತದೆ ಎಂದು ಕೇಳಿದೆ. ದಾರಿಯೊಂದಿದೆ, ಆದರೆ ಖಾತ್ರಿ ಕೊಡಲಾರೆ ಅಂದರು. ಇವತ್ತು ಬೆಳಿಗ್ಗೆ ಅಮರೇಶ ಚಹಾ ಕುಡಿಯುತ್ತ, “ದೊಡ್ಡ ಸೂಟ್‌ಕೇಸು ಎಲ್ಲೈತಿ?” ಎಂದು ಕೇಳಿದರು. ಬೇಸ್‌ಮೆಂಟಿನ ಕಪಾಟಿನ ಮೇಲಿಂದ ನಾನೇ ಇಳಿಸಿಕೊಟ್ಟೆ. ಊರಿಗೆ ಮರಳಬೇಕಾಗಿ ಬಂದರೆ ಇರಲಿ ಎಂದು ಇಬ್ಬರೂ ಅದರ ಧೂಳು ಒರೆಸಿದೆವು.

ಕ್ಷಮಿಸಿ ಎಂದು ಬರೆಯಲು ಕೂತೆ, ಆದರೆ ಹಾಗೆ ಕೇಳಿಕೊಳ್ಳುವ ಮುಖ ನನಗಿಲ್ಲ. ಮಂಗಳವಾರ ನೀವು ಆ ಕೋಣೆಯಲ್ಲಿ ನನ್ನ ಕಡೆ ತಿರುಗಿ ನೋಡದಿದ್ದರೂ ನಾನು ಹೇಳಬೇಕಾದ್ದನ್ನು ಹೇಳುತ್ತೇನೆ.

ನಿಮ್ಮ ಮೊಣಕಾಲು ನೋವು ಇಳಿಯಲಿ, ನಿಮಗೆ ಮತ್ತೆ ಪಾಠ ಹೇಳುವ ಕೆಲಸ ಸಿಗಲಿ.

ನಿಮ್ಮ ಹೆಸರು ಹೇಳಿದವಳು,
ಮಾಧುರಿ